ಉಂಡದ್ದು ಮೈಗೆ ಹತ್ತಲು: ಅಮೈನೋ ಆಮ್ಲಗಳನ್ನು ಯಾವಾಗ, ಹೇಗೆ ಸೇವಿಸಬೇಕು?

ಕೋಳಿ ಸಾಕುವ ರೈತರಿಗೆ ಲೈಸಿನ್, ಮೆಥಿಯೊನಿನ್ ಎಂಬ ಹೆಸರುಗಳು ಹೊಸವಲ್ಲ. ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ ಬೆರೆಸಿದ ಕೋಳಿ ಆಹಾರಕ್ಕೆ ಇವನ್ನು ತೂಗಿ ಸೇರಿಸುತ್ತಾರೆ. ಇವು ಕಡಿಮೆಯಾದರೆ ಮರಿಗಳು ಎಷ್ಟು ತಿಂದರೂ ತೂಕಕ್ಕೆ ಬರುವುದಿಲ್ಲ. ಆದರೆ ಕೋಳಿಗೆ ಲೈಸಿನ್ ತೂಗಿ ಹಾಕುವ ಅದೇ ಮನೆಯಲ್ಲಿ, ಮಕ್ಕಳ ತಟ್ಟೆಯಲ್ಲಿ ಲೈಸಿನ್ ಎಷ್ಟಿದೆ ಎಂದು ಯಾರೂ ಯೋಚಿಸಿರುವುದಿಲ್ಲ.

ಇನ್ನೊಂದು ಕಡೆ, ಹೋಬಳಿ ಊರುಗಳ ಔಷಧಿ ಅಂಗಡಿಗಳಲ್ಲಿಯೂ ವ್ಯಾಯಾಮ ಶಾಲೆಗಳಲ್ಲಿಯೂ ಅಮೈನೋ ಆಮ್ಲದ ಪುಡಿ, ಗುಳಿಗೆ, ಪ್ರೋಟೀನು ಡಬ್ಬಿಗಳು ಇಂದು ಧಾರಾಳವಾಗಿ ದೊರೆಯುತ್ತವೆ. ಯುವಕರು ಇವನ್ನು ಕೊಂಡು, ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕೆ, ಊಟದ ನಂತರವೆ, ದುಡಿಮೆಗೆ ಮುಂಚೆಯೋ ಆಮೇಲೋ ಎಂದು ವಿಸ್ತರಣಾ ಕಾರ್ಯಕರ್ತರನ್ನು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹೇಳಬಹುದು. ಆದರೆ ಅದಕ್ಕೆ ಮುಂಚೆ, ಅಮೈನೋ ಆಮ್ಲಗಳು ಎಂದರೇನು, ಅವು ಹೊಟ್ಟೆಯಿಂದ ರಕ್ತಕ್ಕೆ ಹೇಗೆ ಸೇರುತ್ತವೆ, ಸೇರಿದವು ವ್ಯರ್ಥವಾಗದಂತೆ ಏನು ಮಾಡಬೇಕು ಎಂಬುದನ್ನು ತಿಳಿಯುವುದು ಅವಶ್ಯ. ಇದನ್ನು ತಿಳಿದ ಮನೆಗೆ ಡಬ್ಬಿಯ ಖರ್ಚು ಬಹುಮಟ್ಟಿಗೆ ಉಳಿಯುತ್ತದೆ.

ಅಮೈನೋ ಆಮ್ಲ ಎಂದರೇನು?

ನಮ್ಮ ಮಾಂಸಖಂಡ, ಚರ್ಮ, ಕೂದಲು, ರಕ್ತ, ಜೀರ್ಣರಸಗಳು ಎಲ್ಲವೂ ಸಸಾರಜನಕ ಅಥವಾ ಪ್ರೋಟೀನಿನಿಂದ ಆದವು. ಸಸಾರಜನಕವನ್ನು ಒಂದು ಗೋಡೆಗೆ ಹೋಲಿಸಿದರೆ ಅಮೈನೋ ಆಮ್ಲಗಳು ಅದರ ಇಟ್ಟಿಗೆಗಳು. ಸಸಾರಜನಕದಲ್ಲಿ ಸಾಮಾನ್ಯವಾಗಿ 20 ಬಗೆಯ ಅಮೈನೋ ಆಮ್ಲಗಳಿರುತ್ತವೆ. ಇವುಗಳಲ್ಲಿ 11ನ್ನು ದೇಹವು ತಾನೇ ತಯಾರಿಸಿಕೊಳ್ಳಬಲ್ಲದು. ಉಳಿದ 9ನ್ನು ಆಹಾರದಿಂದಲೇ ಪಡೆಯಬೇಕು. ಇವಕ್ಕೆ ಅತ್ಯವಶ್ಯಕ ಅಮೈನೋ ಆಮ್ಲಗಳು ಎಂದು ಹೆಸರು. ಅವು: ಲೈಸಿನ್, ಮೆಥಿಯೊನಿನ್, ಟ್ರಿಪ್ಟೊಫಾನ್, ಥ್ರಿಯೊನಿನ್, ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಫಿನೈಲಲನಿನ್ ಮತ್ತು ಹಿಸ್ಟಿಡಿನ್.

ಬೆಳೆಗೆ ಯೂರಿಯಾ ಎಷ್ಟೇ ಸುರಿದರೂ ಪೊಟ್ಯಾಷ್ ಕೊರತೆಯಿದ್ದರೆ ಇಳುವರಿ ಆ ಕೊರತೆಯ ಮಟ್ಟಕ್ಕೇ ನಿಲ್ಲುತ್ತದೆ ಎಂಬುದು ರೈತರಿಗೆ ಗೊತ್ತಿರುವ ವಿಷಯ. ದೇಹದಲ್ಲಿಯೂ ನಿಯಮ ಅದೇ. ಒಂಬತ್ತರಲ್ಲಿ ಎಂಟು ಬೇಕಾದಷ್ಟಿದ್ದು ಒಂದು ಕಡಿಮೆಯಾದರೆ, ಆ ಒಂದರ ಮಟ್ಟಕ್ಕೇ ಮೈಕಟ್ಟುವ ಕೆಲಸ ನಿಲ್ಲುತ್ತದೆ. ಉಳಿದ ಎಂಟರ ಹೆಚ್ಚುವರಿ ಭಾಗ ಆ ಕೆಲಸಕ್ಕೆ ಬರುವುದಿಲ್ಲ.

ಹೊಟ್ಟೆಯಿಂದ ರಕ್ತಕ್ಕೆ

ನಾವು ಉಂಡ ಸಸಾರಜನಕವು ಮೊದಲು ಜಠರದಲ್ಲಿ ಆಮ್ಲದಿಂದಲೂ ಪೆಪ್ಸಿನ್ ಎಂಬ ಕಿಣ್ವದಿಂದಲೂ ಒಡೆಯಲಾರಂಭಿಸುತ್ತದೆ. ಸಣ್ಣ ಕರುಳಿನಲ್ಲಿ ಮೇದೋಜೀರಕಾಂಗದಿಂದ ಬರುವ ಟ್ರಿಪ್ಸಿನ್ ಮೊದಲಾದ ಕಿಣ್ವಗಳು ಅದನ್ನು ಮತ್ತಷ್ಟು ಸಣ್ಣ ತುಂಡುಗಳಾಗಿ ಮಾಡುತ್ತವೆ. ಕೊನೆಗೆ ಬಿಡಿ ಅಮೈನೋ ಆಮ್ಲಗಳೂ, ಎರಡು ಮೂರು ಅಮೈನೋ ಆಮ್ಲಗಳು ಕೂಡಿರುವ ಚಿಕ್ಕ ತುಣುಕುಗಳೂ ಕರುಳಿನ ಗೋಡೆಯ ಮೂಲಕ ಒಳಕ್ಕೆ ಹೀರಲ್ಪಟ್ಟು ಪಿತ್ತಜನಕಾಂಗವನ್ನು ಸೇರುತ್ತವೆ.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ಆರೋಗ್ಯವಂತರ ಕರುಳು ಈ ಕೆಲಸದಲ್ಲಿ ಬಹಳ ಸಮರ್ಥವಾದುದು. ಹಾಲು ಮತ್ತು ಬೇಯಿಸಿದ ಮೊಟ್ಟೆಯ ಸಸಾರಜನಕದಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕೂ ಹೆಚ್ಚು ಹೀರಲ್ಪಡುತ್ತದೆ. ಚೆನ್ನಾಗಿ ಬೇಯಿಸಿದ ಧಾನ್ಯ ಮತ್ತು ಬೇಳೆಗಳಲ್ಲಿ ಇದು ಸ್ವಲ್ಪ ಕಡಿಮೆ.

ಎರಡನೆಯದಾಗಿ, ಕೂಡಿದ ಚಿಕ್ಕ ತುಣುಕುಗಳು ಎಷ್ಟೋ ವೇಳೆ ಬಿಡಿ ಅಮೈನೋ ಆಮ್ಲಗಳಿಗಿಂತ ಬೇಗ ಹೀರಲ್ಪಡುತ್ತವೆ. ಬಿಡಿ ಅಮೈನೋ ಆಮ್ಲಗಳಲ್ಲಿ ಹಲವು ಒಂದೇ ಬಾಗಿಲಿನ ಮೂಲಕ ಒಳಹೋಗಬೇಕಾಗಿರುವುದರಿಂದ ಅವುಗಳಲ್ಲಿ ಪೈಪೋಟಿ ಏರ್ಪಡುತ್ತದೆ. ಆದ್ದರಿಂದ, ಮೊದಲೇ ಬಿಡಿಬಿಡಿಯಾಗಿ ಒಡೆದಿಟ್ಟ ದುಬಾರಿ ಪುಡಿ ಊಟದ ಬೇಳೆಗಿಂತ ಮೇಲು ಎಂದು ಭಾವಿಸಲು ಆಧಾರವಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಜಿಡ್ಡನ್ನು ದೇಹ ಶೇಖರಿಸಿಡುತ್ತದೆ. ಅಮೈನೋ ಆಮ್ಲಗಳಿಗೆ ಅಂತಹ ಕಣಜವಿಲ್ಲ. ಒಂದೇ ಹೊತ್ತಿನಲ್ಲಿ ಬೇಕಾದ್ದಕ್ಕಿಂತ ಬಹಳ ಹೆಚ್ಚು ಬಂದರೆ, ಅದರಲ್ಲಿನ ಸಾರಜನಕ ಯೂರಿಯಾ ಆಗಿ ಮೂತ್ರದಲ್ಲಿ ಹೊರಟುಹೋಗುತ್ತದೆ. ಉಳಿದ ಅಂಶ ಉರುವಲಾಗುತ್ತದೆ ಇಲ್ಲವೇ ಕೊಬ್ಬಾಗುತ್ತದೆ. ಮೇಲುಗೊಬ್ಬರವನ್ನು ಒಂದೇ ಸಲ ಸುರಿಯದೆ ಕಂತುಗಳಲ್ಲಿ ಕೊಡುವುದು ಏಕೆ ಎಂಬುದನ್ನು ನೆನೆದರೆ ಇದರ ತಾತ್ಪರ್ಯ ತಿಳಿಯುತ್ತದೆ.

ಅಕ್ಕಡಿಯ ಪಾಠ

ಧಾನ್ಯಗಳಲ್ಲಿ ಲೈಸಿನ್ ಕಡಿಮೆ. ಬೇಳೆಕಾಳುಗಳಲ್ಲಿ ಲೈಸಿನ್ ಸಮೃದ್ಧಿಯಾಗಿದ್ದು ಮೆಥಿಯೊನಿನ್ ಕಡಿಮೆ. ಧಾನ್ಯಗಳಲ್ಲಿ, ವಿಶೇಷವಾಗಿ ರಾಗಿಯಲ್ಲಿ, ಮೆಥಿಯೊನಿನ್ ಚೆನ್ನಾಗಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅವರೆ, ತೊಗರಿಗಳನ್ನು ಅಕ್ಕಡಿ ಸಾಲಾಗಿ ಬಿತ್ತುತ್ತ ಬಂದರು. ಹೊಲದಲ್ಲಿ ಜೊತೆಯಾಗಿ ಬೆಳೆದದ್ದು ತಟ್ಟೆಯಲ್ಲಿಯೂ ಜೊತೆಯಾಗಿದ್ದರೆ ಅಮೈನೋ ಆಮ್ಲಗಳ ಲೆಕ್ಕ ಸರಿಹೋಗುತ್ತದೆ.

ಒಂದು ಉದಾಹರಣೆ ನೋಡೋಣ. ವಯಸ್ಕರ ಆಹಾರದ ಪ್ರತಿ ಗ್ರಾಂ ಸಸಾರಜನಕದಲ್ಲಿ ಸುಮಾರು 45 ಮಿಲಿಗ್ರಾಂ ಲೈಸಿನ್ ಇರಬೇಕು. ಅಕ್ಕಿಯಲ್ಲಿ ಇದು ಸುಮಾರು 36 ಮಿಲಿಗ್ರಾಂ ಮಾತ್ರ. 75 ಗ್ರಾಂ ಅಕ್ಕಿಯಲ್ಲಿ ಸಸಾರಜನಕ ಸುಮಾರು 5.3 ಗ್ರಾಂ, ಲೈಸಿನ್ 190 ಮಿಲಿಗ್ರಾಂ. 25 ಗ್ರಾಂ ತೊಗರಿಬೇಳೆಯಲ್ಲಿ ಸಸಾರಜನಕ ಸುಮಾರು 5.5 ಗ್ರಾಂ, ಲೈಸಿನ್ 370 ಮಿಲಿಗ್ರಾಂ. ಎರಡನ್ನೂ ಕೂಡಿ ಉಂಡರೆ 10.8 ಗ್ರಾಂ ಸಸಾರಜನಕಕ್ಕೆ 560 ಮಿಲಿಗ್ರಾಂ ಲೈಸಿನ್ ದೊರೆಯುತ್ತದೆ. ಅಂದರೆ ಗ್ರಾಂ ಒಂದಕ್ಕೆ ಸುಮಾರು 52 ಮಿಲಿಗ್ರಾಂ. ಕೊರತೆ ನೀಗಿತು. ಮೂರು ಭಾಗ ಧಾನ್ಯಕ್ಕೆ ಒಂದು ಭಾಗ ಬೇಳೆ ಎಂಬ ಶಿಫಾರಸಿನ ಹಿಂದಿರುವ ಲೆಕ್ಕ ಇದೇ. ರಾಗಿಗೂ ಇದು ಸಾಕಾಗುತ್ತದೆ. ಜೋಳದಲ್ಲಿ ಲೈಸಿನ್ ಇನ್ನೂ ಕಡಿಮೆಯಿರುವುದರಿಂದ ಎರಡು ಭಾಗ ಜೋಳಕ್ಕೆ ಒಂದು ಭಾಗ ಕಾಳು ಇದ್ದರೆ ಉತ್ತಮ.

ಉತ್ತರ ಕರ್ನಾಟಕದ ಗೃಹಿಣಿಯರು ಒಂದು ಮಾತನ್ನು ಗಮನಿಸಬೇಕು. ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ ಇದ್ದರೆ ಸಾಕೆಂಬ ಭಾವನೆ ಹಲವರಲ್ಲಿದೆ. ಶೇಂಗಾದಲ್ಲಿ ಸಸಾರಜನಕ ಧಾರಾಳವಾಗಿದ್ದರೂ ಲೈಸಿನ್ ಮಟ್ಟ ಬೇಳೆಕಾಳಿನಷ್ಟಿಲ್ಲ. ಆದ್ದರಿಂದ ಹಿಂಡಿಯ ಜೊತೆಗೆ ಹೆಸರುಕಾಳು ಅಥವಾ ಮಡಕಿಕಾಳಿನ ಪಲ್ಯ, ಇಲ್ಲವೇ ಗಟ್ಟಿ ಮೊಸರು ಇರಲೇಬೇಕು. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ತಯಾರಿಸಿದ ಬಹೂಪಯೋಗಿ ಆಹಾರದಲ್ಲಿ ಶೇಂಗಾ ಹಿಟ್ಟು 75 ಭಾಗ, ಕಡಲೆ ಹಿಟ್ಟು 25 ಭಾಗ ಇದ್ದವು. ಶೇಂಗಾದ ಲೈಸಿನ್ ಕೊರತೆಯನ್ನು ತುಂಬಲು ಕಡಲೆ ನೆರವಾಗುತ್ತದೆ.

ಧಾನ್ಯ, ಬೇಳೆ ಒಂದೇ ತುತ್ತಿನಲ್ಲಿರಬೇಕೆಂದಿಲ್ಲ. ಅದೇ ಊಟದಲ್ಲಿ, ಕನಿಷ್ಠ ಅದೇ ದಿನದಲ್ಲಿ ಎರಡೂ ಇದ್ದರೆ ಸಾಕು.

ದಿನಕ್ಕೆ ಎಷ್ಟು ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕು. 65 ಕಿಲೋ ತೂಕದ ಗಂಡಸಿಗೆ ಇದು 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ 46 ಗ್ರಾಂ ಆಗುತ್ತದೆ. ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಇದರ ಮೇಲೆ 22 ಗ್ರಾಂ, ಹಾಲೂಡಿಸುವ ತಾಯಂದಿರಿಗೆ ಮೊದಲ ಆರು ತಿಂಗಳಲ್ಲಿ ಸುಮಾರು 17 ಗ್ರಾಂ ಹೆಚ್ಚಿಗೆ ಬೇಕು.

ನೂರು ಗ್ರಾಂ ಆಹಾರದಲ್ಲಿರುವ ಸಸಾರಜನಕ ಸುಮಾರಾಗಿ ಹೀಗಿದೆ:

ರಾಗಿ, ಅಕ್ಕಿ – 7 ಗ್ರಾಂ
ಜೋಳ – 10 ಗ್ರಾಂ
ತೊಗರಿಬೇಳೆ, ಹುರುಳಿ – 22 ಗ್ರಾಂ
ಹೆಸರುಕಾಳು – 23 ಗ್ರಾಂ
ಶೇಂಗಾ – 25 ಗ್ರಾಂ
ಸೋಯಾ ಅವರೆ – 36 ಗ್ರಾಂಗೂ ಹೆಚ್ಚು
ಹಸುವಿನ ಹಾಲು – 3.2 ಗ್ರಾಂ
ಕೋಳಿ ಮಾಂಸ, ಮೀನು – 18ರಿಂದ 20 ಗ್ರಾಂ
ಕೋಳಿ ಮೊಟ್ಟೆ, ಒಂದಕ್ಕೆ – 6 ಗ್ರಾಂ

ಒಬ್ಬ ರೈತ ಮಹಿಳೆ ದಿನಕ್ಕೆ 200 ಗ್ರಾಂ ರಾಗಿ, 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ ಉಂಡರೆ ದೊರೆಯುವ ಸಸಾರಜನಕ ಸುಮಾರು 31 ಗ್ರಾಂ. ಹೊಟ್ಟೆ ತುಂಬಿತು, ಆದರೆ 15 ಗ್ರಾಂ ಕೊರತೆ ಉಳಿಯಿತು. ಬೇಳೆಕಾಳನ್ನು 75 ಗ್ರಾಂಗೆ ಏರಿಸಿ, ಹಾಲು ಮೊಸರು ಸೇರಿ 300 ಮಿಲಿಲೀಟರ್ ತೆಗೆದುಕೊಂಡರೆ ಒಟ್ಟು 50 ಗ್ರಾಂ ಆಗುತ್ತದೆ. ಡಬ್ಬಿಯ ಅಗತ್ಯ ಬೀಳಲಿಲ್ಲ.

ಯಾವಾಗ ಸೇವಿಸಬೇಕು?

1. ಮೂರು ಹೊತ್ತಿಗೆ ಹಂಚಿ. ನಮ್ಮ ಅನೇಕ ಮನೆಗಳಲ್ಲಿ ಬೆಳಿಗ್ಗೆ ಬರೀ ಕಾಫಿ ಅಥವಾ ಅಂಬಲಿ ಕುಡಿದು ಹೊಲಕ್ಕೆ ಹೋಗುತ್ತಾರೆ. ಮಧ್ಯಾಹ್ನ ತೆಳು ಸಾರು. ಕಾಳು, ಮೊಟ್ಟೆ, ಮಾಂಸ ಏನಿದ್ದರೂ ರಾತ್ರಿಗೆ. ಈ ಪದ್ಧತಿ ಬದಲಾಗಬೇಕು. ಬೆಳಿಗ್ಗೆ ರೊಟ್ಟಿಯ ಜೊತೆಗೆ ಕಾಳಿನ ಉಸಲಿ ಅಥವಾ ಒಂದು ಲೋಟ ಹಾಲು, ಮಧ್ಯಾಹ್ನ ಮುದ್ದೆಯ ಜೊತೆಗೆ ಹುರುಳಿ ಅಥವಾ ಅವರೆಕಾಳಿನ ಗಟ್ಟಿ ಸಾರು ಮತ್ತು ಮಜ್ಜಿಗೆ, ರಾತ್ರಿ ಅನ್ನದ ಜೊತೆಗೆ ಬೇಳೆ, ಮೊಸರು – ಹೀಗೆ ಪ್ರತಿ ಹೊತ್ತಿಗೂ 15 ಗ್ರಾಂ ಸಸಾರಜನಕ ಬರುವಂತೆ ಹೊಂದಿಸಿಕೊಳ್ಳಬೇಕು.

2. ಶ್ರಮದ ದುಡಿಮೆಯ ನಂತರ ಒಂದೆರಡು ಗಂಟೆಯೊಳಗೆ ಊಟವಾಗಲಿ. ದುಡಿದ ಮಾಂಸಖಂಡಗಳು ಆಗ ಅಮೈನೋ ಆಮ್ಲಗಳನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ಗಡಿಯಾರ ನೋಡಿ ಅರ್ಧ ಗಂಟೆಯೊಳಗೇ ಕುಡಿಯಬೇಕೆಂಬ ಆತುರ ಬೇಕಿಲ್ಲ. ದಿನದ ಒಟ್ಟು ಪ್ರಮಾಣವೇ ಹೆಚ್ಚು ಮುಖ್ಯ.

3. ಜೊತೆಗೆ ಹೊಟ್ಟೆ ತುಂಬುವಷ್ಟು ಧಾನ್ಯ, ಸ್ವಲ್ಪ ಎಣ್ಣೆ ಇರಲಿ. ಶಕ್ತಿಗೆ ಬೇಕಾದ ಪಿಷ್ಟ, ಜಿಡ್ಡು ಸಾಲದಿದ್ದರೆ ದೇಹವು ಸಸಾರಜನಕವನ್ನೇ ಉರಿಸುತ್ತದೆ. ಗಂಧದ ಕೊರಡನ್ನು ಒಲೆಗೆ ಇಟ್ಟಂತಾಗುತ್ತದೆ. ಊಟ ಬಿಟ್ಟು ಬರೀ ಪ್ರೋಟೀನು ಪುಡಿ ಕುಡಿಯುವವರು ಇದನ್ನು ನೆನಪಿಡಬೇಕು.

4. ವಯಸ್ಸಾದವರನ್ನು ಮರೆಯಬಾರದು. ಅರವತ್ತು ದಾಟಿದವರಲ್ಲಿ ಮಾಂಸಖಂಡಗಳು ಸೊರಗುತ್ತವೆ. ಮೂತ್ರಪಿಂಡ ಸರಿಯಾಗಿದ್ದರೆ ಅವರಿಗೆ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಸಸಾರಜನಕ ಒಳ್ಳೆಯದು. ಹಲ್ಲಿಲ್ಲದ ಅಜ್ಜ ಅಜ್ಜಿಯರಿಗೆ ಬರೀ ಗಂಜಿ ಕೊಡದೆ, ನುಣ್ಣಗೆ ಬೆಂದ ಹೆಸರುಬೇಳೆ, ಮೊಸರು, ಬೇಯಿಸಿದ ಮೊಟ್ಟೆಯನ್ನು ಪ್ರತಿ ಹೊತ್ತಿಗೂ ಸ್ವಲ್ಪ ಸ್ವಲ್ಪ ಕೊಡಬೇಕು.

ಹೇಗೆ ಸೇವಿಸಬೇಕು?

1. ನೆನೆಸಿ ಬೇಯಿಸಿ. ಹಸಿ ಸೋಯಾ, ಹುರುಳಿ ಮೊದಲಾದ ಕಾಳುಗಳಲ್ಲಿ ಟ್ರಿಪ್ಸಿನ್ ಕಿಣ್ವದ ಕೆಲಸವನ್ನು ತಡೆಯುವ ವಸ್ತುಗಳಿವೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿದರೆ ಈ ದೋಷ ಬಹುಮಟ್ಟಿಗೆ ಹೋಗುತ್ತದೆ. ಬೇಗ ಬೇಯಲೆಂದು ಅಡಿಗೆ ಸೋಡಾ ಹಾಕಬಾರದು. ಇದರಿಂದ ಬಿ1 ಜೀವಸತ್ವ ನಾಶವಾಗುತ್ತದೆ.

2. ಮೊಳಕೆ ಬರಿಸಿ. ಮೊಳಕೆಯಿಂದ ಕಾಳು ಸುಲಭವಾಗಿ ಜೀರ್ಣವಾಗುತ್ತದೆ. ಮಕ್ಕಳಿಗೆ, ವೃದ್ಧರಿಗೆ ಮೊಳಕೆಕಾಳನ್ನು ಹಸಿಯಾಗಿ ಕೊಡದೆ ಹಬೆಯಲ್ಲಿ ಬೇಯಿಸಿ ಕೊಡಬೇಕು.

3. ಹಸಿ ಮೊಟ್ಟೆ ಕುಡಿಯಬೇಡಿ. ಹಸಿ ಮೊಟ್ಟೆಯಿಂದ ಬಲ ಹೆಚ್ಚುತ್ತದೆಂಬ ನಂಬಿಕೆ ಗರಡಿ ಮನೆಗಳ ಕಾಲದಿಂದಲೂ ಇದೆ. ಪರೀಕ್ಷಿಸಿ ನೋಡಿದಾಗ ಬೇಯಿಸಿದ ಮೊಟ್ಟೆಯ ಸಸಾರಜನಕದಲ್ಲಿ ಶೇಕಡಾ 90ರಷ್ಟು ದೇಹಕ್ಕೆ ದಕ್ಕಿದರೆ, ಹಸಿ ಮೊಟ್ಟೆಯಲ್ಲಿ ಶೇಕಡಾ 50ರಷ್ಟು ಮಾತ್ರ ದಕ್ಕಿತು. ಹಸಿ ಮೊಟ್ಟೆಯಿಂದ ರೋಗಾಣುಗಳ ಭಯವೂ ಉಂಟು.

4. ಕರಕಲಾಗುವಂತೆ ಹುರಿಯಬೇಡಿ. ಹುರಿಹಿಟ್ಟು ಮಾಡುವಾಗ ಧಾನ್ಯ ಘಮ್ಮೆಂದ ಕೂಡಲೇ ಇಳಿಸಬೇಕು. ಕಪ್ಪಾಗುವವರೆಗೆ ಹುರಿದರೆ, ಮೊದಲೇ ಕಡಿಮೆಯಿರುವ ಲೈಸಿನ್ ಇನ್ನಷ್ಟು ನಾಶವಾಗುತ್ತದೆ.

5. ಕಟ್ಟಿನಲ್ಲಿ ಅಲ್ಲ, ಕಾಳಿನಲ್ಲಿದೆ ಸತ್ವ. ಬಸ್ಸಾರಿಗೆ ಬಸಿದ ಕಟ್ಟು ರುಚಿಯಾಗಿರುತ್ತದೆ. ಆದರೆ ಸಸಾರಜನಕದ ಹೆಚ್ಚಿನ ಭಾಗ ಬೆಂದ ಕಾಳಿನಲ್ಲೇ, ಅಂದರೆ ಪಲ್ಯದಲ್ಲೇ ಉಳಿಯುತ್ತದೆ. ಮಗುವಿಗೆ ಬೇಳೆ ಕಟ್ಟನ್ನು ಮಾತ್ರ ಕಲಸಿ ಉಣ್ಣಿಸುವ ತಾಯಿ, ಬೇಳೆ ಕೊಟ್ಟೆನೆಂದು ತಿಳಿಯುತ್ತಾಳೆ. ಮಗುವಿಗೆ ಸಿಕ್ಕಿದ್ದು ನೀರು. ಬೆಂದ ಬೇಳೆಯನ್ನು ಕಿವುಚಿ ಅನ್ನಕ್ಕೆ ಕಲಸಬೇಕು. ಎಲ್ಲರೂ ಉಂಡ ಮೇಲೆ ತಳದಲ್ಲುಳಿದ ತಿಳಿಸಾರಿನಲ್ಲಿ ಉಣ್ಣುವ ಮನೆಯೊಡತಿಯ ಸ್ಥಿತಿಯೂ ಇದೇ. ಬಡಿಸುವ ಮುಂಚೆಯೇ ಆಕೆಯ ಪಾಲಿನ ಕಾಳನ್ನು ತೆಗೆದಿಡುವುದು ಮನೆಯವರೆಲ್ಲರ ಹೊಣೆ.

6. ಊಟಕ್ಕೂ ಕಾಫಿ, ಚಹಾಕ್ಕೂ ಒಂದು ಗಂಟೆ ಅಂತರವಿರಲಿ. ಇವುಗಳಲ್ಲಿರುವ ಒಗರು ಅಂಶ ಮುಖ್ಯವಾಗಿ ಕಬ್ಬಿಣದ ಹೀರಿಕೆಯನ್ನು ತಡೆಯುತ್ತದೆ.

ಆರು ತಿಂಗಳು ತುಂಬಿದ ಮಗುವಿಗೆ ಮೊಳಕೆ ಹಿಟ್ಟು

ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು. ಅನಂತರ ಎದೆಹಾಲಿನ ಜೊತೆಗೆ ಈ ಹಿಟ್ಟನ್ನು ಕೊಡಬಹುದು. ಮೂರು ಭಾಗ ರಾಗಿ, ಒಂದು ಭಾಗ ಹೆಸರುಕಾಳು ತೆಗೆದುಕೊಳ್ಳಿ. ಎರಡನ್ನೂ ಬೇರೆ ಬೇರೆಯಾಗಿ ತೊಳೆದು, ಒಂದು ರಾತ್ರಿ ನೆನೆಸಿ, ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನದಲ್ಲಿ ಮೊಳಕೆ ಬಂದ ಮೇಲೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಉಜ್ಜಿ ಮೊಳಕೆಯನ್ನು ಬೇರ್ಪಡಿಸಿ, ಹದವಾಗಿ ಬೆಚ್ಚಗೆ ಮಾಡಿ ಬೀಸಿ, ಜರಡಿ ಹಿಡಿದು ಗಾಳಿಯಾಡದ ಡಬ್ಬಿಯಲ್ಲಿಡಿ. ಮೊಳಕೆ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುವುದಿಲ್ಲ. ಆದ್ದರಿಂದ ಅಷ್ಟೇ ಗಂಜಿಯಲ್ಲಿ ಹೆಚ್ಚು ಹಿಟ್ಟು ಸೇರಿಸಬಹುದು. ಮಗುವಿನ ಪುಟ್ಟ ಹೊಟ್ಟೆಗೆ ಹೆಚ್ಚು ಸತ್ವ ಸಿಗುತ್ತದೆ.

ಪುಡಿ ಮತ್ತು ಗುಳಿಗೆಗಳ ವಿಚಾರ

ಶಸ್ತ್ರಚಿಕಿತ್ಸೆ ಆದವರು, ಸುಟ್ಟಗಾಯದವರು, ದೀರ್ಘ ಕಾಯಿಲೆಯಿಂದ ಬಡವಾದವರು, ಊಟ ಸೇರದ ವೃದ್ಧರು – ಇಂಥವರಿಗೆ ವೈದ್ಯರು ಪೂರಕ ಪುಡಿಗಳನ್ನು ಸೂಚಿಸಬಹುದು. ಆಗ ಈ ಕೆಳಕಂಡ ಕ್ರಮವನ್ನು ಅನುಸರಿಸಬಹುದು.

(ಅ) ಹಾಲು ಒಡೆದಾಗ ಬರುವ ತಿಳಿನೀರಿನಿಂದಲೋ ಸೋಯಾದಿಂದಲೋ ತೆಗೆದ ಪೂರ್ಣ ಪ್ರೋಟೀನು ಪುಡಿಯನ್ನು ಊಟ ತಿಂಡಿಯ ಜೊತೆಗೆ ಅಥವಾ ದುಡಿಮೆಯ ನಂತರ ಸೇವಿಸಬಹುದು. ಖಾಲಿ ಹೊಟ್ಟೆ ಬೇಕೆಂದಿಲ್ಲ. ಊಟದಲ್ಲಿ ಸಸಾರಜನಕ ಕಡಿಮೆಯಿರುವ ಹೊತ್ತನ್ನು, ಸಾಮಾನ್ಯವಾಗಿ ಬೆಳಗಿನ ಹೊತ್ತನ್ನು, ಆರಿಸಿಕೊಳ್ಳುವುದು ಲೇಸು. ಒಂದು ಸಲಕ್ಕೆ 20ರಿಂದ 25 ಗ್ರಾಂ ಸಸಾರಜನಕ ಸಾಕು.

(ಆ) ಲೈಸಿನ್‌ನಂತಹ ಒಂದೇ ಅಮೈನೋ ಆಮ್ಲದ ಗುಳಿಗೆಯನ್ನು ವೈದ್ಯರು ಬರೆದುಕೊಟ್ಟಿದ್ದರೆ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನೀರಿನೊಂದಿಗೆ ನುಂಗುವುದು ವಾಡಿಕೆ. ಆಗ ಊಟದ ಅಮೈನೋ ಆಮ್ಲಗಳೊಡನೆ ಪೈಪೋಟಿ ಕಡಿಮೆ. ಹೊಟ್ಟೆ ತೊಳಸಿದಂತಾದರೆ ಊಟದೊಡನೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬೇಕು. ಬಿಡಿ ಅಮೈನೋ ಆಮ್ಲಗಳನ್ನು ಹೆಚ್ಚು ಪ್ರಮಾಣದಲ್ಲಿ ಒಮ್ಮೆಗೇ ಕುಡಿದರೆ ಭೇದಿ ಆಗಬಹುದು.

(ಇ) ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಈ ಮೂರನ್ನು ಮಾತ್ರ ಬೆರೆಸಿದ ಪುಡಿ ವ್ಯಾಯಾಮ ಮಾಡುವ ಯುವಕರಲ್ಲಿ ಹೆಚ್ಚು ಬಳಕೆಯಲ್ಲಿದೆ. ಉಳಿದ ಆರು ಇಲ್ಲದೆ ಈ ಮೂರರಿಂದ ಮಾಂಸಖಂಡ ಕಟ್ಟಲಾಗುವುದಿಲ್ಲ. ಊಟದಲ್ಲಿ ಆ ಆರು ಇದ್ದರೆ, ಈ ಮೂರೂ ಅದೇ ಊಟದಲ್ಲಿ ಇದ್ದೇ ಇರುತ್ತವೆ.

ಒಂದೇ ಅಮೈನೋ ಆಮ್ಲ ಮಿತಿಮೀರಿದರೆ ಕೆಡುಕೂ ಆಗಬಹುದೆಂಬ ಎಚ್ಚರಿಕೆ ನಮ್ಮ ದಖ್ಖನ್ ಸೀಮೆಯಿಂದಲೇ ಬಂದಿದೆ. ಜೋಳವನ್ನೇ ಮುಖ್ಯವಾಗಿ ಉಣ್ಣುತ್ತಿದ್ದ ಬಡವರಲ್ಲಿ ಪೆಲ್ಲಾಗ್ರ ಎಂಬ ಚರ್ಮರೋಗ ಕಾಣಿಸುತ್ತಿತ್ತು. ಜೋಳದಲ್ಲಿ ಲ್ಯೂಸಿನ್ ಅತಿಯಾಗಿರುವುದೇ ಇದಕ್ಕೆ ಕಾರಣವಿರಬಹುದೆಂದು ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿ 1960ರಲ್ಲಿ ಸೂಚಿಸಿದರು. ಈ ವಿವರಣೆಯನ್ನು ವಿಜ್ಞಾನಿಗಳೆಲ್ಲರೂ ಪೂರ್ತಿಯಾಗಿ ಒಪ್ಪಿಲ್ಲ. ಆದರೆ ಅಮೈನೋ ಆಮ್ಲಗಳಲ್ಲಿ ಸಮತೋಲ ಮುಖ್ಯವೆಂಬ ಮಾತಿನಲ್ಲಿ ಎರಡಿಲ್ಲ. ಜೋಳದ ರೊಟ್ಟಿಗೆ ಕಾಳು, ಸೊಪ್ಪು, ಮೊಸರು ಕೂಡಿದರೆ ಭಯಕ್ಕೆ ಕಾರಣವಿಲ್ಲ.

(ಈ) ಕೊಳ್ಳುವ ಮುಂಚೆ ಚೀಟಿ ಓದಿ. ನೂರು ಗ್ರಾಂಗೆ ಸಸಾರಜನಕ ಎಷ್ಟು, ಸಕ್ಕರೆ ಎಷ್ಟು ಎಂದು ನೋಡಿ. ಹಾಲಿಗೆ ಬೆರೆಸುವ ಎಷ್ಟೋ ಪುಡಿಗಳಲ್ಲಿ ಸಸಾರಜನಕಕ್ಕಿಂತ ಸಕ್ಕರೆಯೇ ಹೆಚ್ಚು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ, ತಯಾರಿಸಿದ ದಿನಾಂಕಗಳಿರಬೇಕು. ಸಸಾರಜನಕವನ್ನು ಸಾಮಾನ್ಯವಾಗಿ ಸಾರಜನಕದ ಪ್ರಮಾಣದಿಂದ ಲೆಕ್ಕ ಹಾಕುವುದರಿಂದ, ಅಗ್ಗದ ಸಾರಜನಕ ವಸ್ತು ಬೆರೆಸಿ ವಂಚಿಸಲು ಸಾಧ್ಯವಿದೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಬೆರೆಸಿ ಎಳೆಯ ಮಕ್ಕಳು ಸಾವಿಗೀಡಾದದ್ದು ಇಂಥ ವಂಚನೆಯಿಂದಲೇ.

ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು ಮೈಕಟ್ಟು ಬೆಳೆಸಲು ಪ್ರೋಟೀನು ಪುಡಿಗಳನ್ನು ಬಳಸಬಾರದೆಂದೇ ಸಲಹೆ ನೀಡಿದೆ.

ಎಚ್ಚರಿಕೆ

1. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಯಾವ ಪುಡಿಯನ್ನೂ ಮುಟ್ಟಕೂಡದು. ಬಹುಕಾಲದ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಮೊದಲು ಮೂತ್ರಪಿಂಡ ಪರೀಕ್ಷೆ ಮಾಡಿಸಿಕೊಳ್ಳಬೇಕು. ಪಿತ್ತಜನಕಾಂಗದ ರೋಗಿಗಳಿಗೂ ಇದೇ ಮಾತು.

2. ನಡುಕ ರೋಗಕ್ಕೆ ಲೆವೊಡೋಪಾ ಗುಳಿಗೆ ತೆಗೆದುಕೊಳ್ಳುವವರಲ್ಲಿ ಆಹಾರದ ಅಮೈನೋ ಆಮ್ಲಗಳು ಆ ಔಷಧಿಯ ಹೀರಿಕೆಗೆ ಅಡ್ಡಿ ಮಾಡುತ್ತವೆ. ಗುಳಿಗೆಗೂ ಊಟಕ್ಕೂ ಇರಬೇಕಾದ ಅಂತರವನ್ನು ವೈದ್ಯರಿಂದ ತಿಳಿಯಬೇಕು.

3. ಬೆಳೆಗೆ ಸಿಂಪಡಿಸುವ ಅಮೈನೋ ಆಮ್ಲದ ದ್ರಾವಣ, ಕೋಳಿ ಮತ್ತು ದನದ ಆಹಾರಕ್ಕೆ ಬೆರೆಸುವ ಲೈಸಿನ್, ಮೆಥಿಯೊನಿನ್ ಇವು ಹೆಸರಿನಲ್ಲಿ ಒಂದೇ ಆದರೂ ಮನುಷ್ಯರ ಸೇವನೆಗಲ್ಲ. ಇವನ್ನು ಅಡಿಗೆ ಮನೆಯಿಂದ ದೂರ, ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಸ್ತ್ರೀಶಕ್ತಿ ಸಂಘದ ಸಭೆಯಲ್ಲಿಯೋ ಅಂಗನವಾಡಿಯಲ್ಲಿಯೋ ಒಂದು ತಕ್ಕಡಿ ಇಟ್ಟು ಪ್ರಾತ್ಯಕ್ಷಿಕೆ ನಡೆಸಬಹುದು. ಮನೆಯವರು ಒಬ್ಬರಿಗೆ ಒಂದು ದಿನಕ್ಕೆ ಹಾಕುವ ಬೇಳೆಯನ್ನು ಅವರ ಕೈಯಿಂದಲೇ ಅಳೆಸಿ ತೂಗಿರಿ. ಪಕ್ಕದಲ್ಲಿ 75 ಗ್ರಾಂ ಕಾಳು ತೂಗಿ ಇಡಿರಿ. ಎರಡು ರಾಶಿಗಳ ವ್ಯತ್ಯಾಸ ಕಣ್ಣಿಗೆ ಕಂಡರೆ ಹೆಚ್ಚು ಮಾತಿನ ಅಗತ್ಯವಿಲ್ಲ. ಜೊತೆಗೆ, ತೊಗರಿ, ಅವರೆ, ಹುರುಳಿ ಒಕ್ಕಣೆಯಾದಾಗ ಎಲ್ಲವನ್ನೂ ಪೇಟೆಗೆ ಸಾಗಿಸದೆ ಮನೆ ಮಂದಿಯ ಲೆಕ್ಕ ಹಾಕಿ ತೆಗೆದಿಡಲು ತಿಳಿಸಿರಿ. ಒಬ್ಬರಿಗೆ ದಿನಕ್ಕೆ 75 ಗ್ರಾಂನಂತೆ ವರ್ಷಕ್ಕೆ ಸುಮಾರು 27 ಕಿಲೋ ಬೇಕು. ಐದು ಜನರ ಕುಟುಂಬಕ್ಕೆ ಒಂದು ಕ್ವಿಂಟಾಲು 37 ಕಿಲೋ. ಬಿತ್ತನೆ ಬೀಜ ತೆಗೆದಿಡುವಷ್ಟೇ ಶ್ರದ್ಧೆಯಿಂದ ಇದನ್ನು ತೆಗೆದಿಟ್ಟ ಮನೆಯಲ್ಲಿ ಅಮೈನೋ ಆಮ್ಲದ ಡಬ್ಬಿಗೆ ಕೆಲಸ ಕಡಿಮೆ.

ನೆನಪಿಡಬೇಕಾದ ಅಂಶಗಳು

1. ಧಾನ್ಯ ಮೂರು ಭಾಗ, ಕಾಳು ಒಂದು ಭಾಗ. ಜೋಳವಾದರೆ ಎರಡಕ್ಕೆ ಒಂದು.
2. ಮೂರು ಹೊತ್ತೂ ಸಸಾರಜನಕ. ಬೆಳಗಿನ ಹೊತ್ತನ್ನು ಬಿಡಬೇಡಿ.
3. ನೆನೆಸಿ, ಮೊಳಕೆ ಬರಿಸಿ, ಬೇಯಿಸಿ. ಕರಕಲು ಮಾಡಬೇಡಿ.
4. ಕಟ್ಟಿನ ಜೊತೆಗೆ ಕಾಳು ಉಣ್ಣಿ.
5. ಪುಡಿ, ಗುಳಿಗೆ ವೈದ್ಯರು ಹೇಳಿದರೆ ಮಾತ್ರ.

ಅಭ್ಯಾಸ

1. ನಿಮ್ಮ ಮನೆಯಲ್ಲಿ ನಿನ್ನೆ ಮೂರು ಹೊತ್ತಿಗೆ ಬಳಸಿದ ಧಾನ್ಯ ಮತ್ತು ಕಾಳಿನ ತೂಕ ಬರೆದು, ಒಬ್ಬರಿಗೆ ಎಷ್ಟು ಗ್ರಾಂ ಸಸಾರಜನಕ ದೊರೆಯಿತೆಂದು ಲೆಕ್ಕ ಹಾಕಿರಿ.
2. ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಊಟಕ್ಕೆ ಇನ್ನೇನು ಸೇರಿಸಬೇಕು? ಏಕೆ?
3. ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು? ಅವರ ತಟ್ಟೆಗೆ ನಿನ್ನೆ ಬಿದ್ದ ಕಾಳು ಎಷ್ಟು?